ಕಡಲಂಚಿನ ಪಟ್ಟಣಗಳ ಹಳೆಯ ಕಟ್ಟಡಗಳು: ಕೆನರಾ ಕರಾವಳಿಯಲ್ಲಿ ಸಂರಕ್ಷಣೆಯ ಪ್ರಶ್ನೆ

ಮಂಗಳೂರು, ಬಾರ್ಕೂರು, ಬಸರೂರು, ಭಟ್ಕಳ, ಹೊನ್ನಾವರದಂಥ ಬಂದರು ಪಟ್ಟಣಗಳಲ್ಲಿ ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳುವ ಪ್ರಶ್ನೆಗೂ ಹಂಪಿ, ಬಾದಾಮಿಗಳಲ್ಲಿ ಏಳುವ ಪ್ರಶ್ನೆಗೂ ಬಹಳ ಅಂತರವಿದೆ. ಘಟ್ಟದ ಮೇಲಿನ ಆ ಊರುಗಳಲ್ಲಿ ಕಲ್ಲು ತನ್ನ ಬಲದಿಂದಲೇ ಶತಮಾನಗಳನ್ನು ತಾಳಿಕೊಂಡು ನಿಂತಿರುವುದರಿಂದ, ಜನ ಬಿಟ್ಟುಹೋದ ಮೇಲೂ ಕಟ್ಟಡ ಉಳಿಯಿತು. ಕರಾವಳಿಯಲ್ಲಿ ಹಾಗಾಗುವುದು ಅಪರೂಪ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಉಪ್ಪು ಹೊತ್ತು ಬರುವ ಗಾಳಿ, ಗೆದ್ದಲು ಮತ್ತು ಪಾಚಿ ಇವೆಲ್ಲವುಗಳ ನಡುವೆ ಮುರಕಲ್ಲು, ಮಣ್ಣು, ಮರ, ಹಂಚುಗಳಿಂದ ಕಟ್ಟಿದ ಮನೆ ಎರಡು ಮಳೆಗಾಲ ಯಾರೂ ನೋಡದೆ ಬಿಟ್ಟರೆ ಸೋರತೊಡಗುತ್ತದೆ, ಇನ್ನೂ ಕೆಲವು ವರ್ಷ ಕಳೆದರೆ ಕುಸಿಯುತ್ತದೆ. ಇಲ್ಲಿ ಇಂದು ಹಳೆಯದೆಂದು ಕಾಣುವ ಪ್ರತಿಯೊಂದು ಕಟ್ಟಡವೂ ತಲೆಮಾರುಗಳಿಂದ ಯಾರೋ ಹಂಚು ಬದಲಿಸುತ್ತ, ಪಕ್ಕಾಸು ಜೋಡಿಸುತ್ತ, ಸುಣ್ಣ ಬಳಿಯುತ್ತ ಬಂದದ್ದರಿಂದಲೇ ಉಳಿದಿದೆ. ಆದ್ದರಿಂದ ಏನನ್ನು ಉಳಿಸಬೇಕು ಎಂಬ ಪ್ರಶ್ನೆಯ ಜೊತೆಗೇ ಇಲ್ಲಿ ಇನ್ನೆರಡು ಪ್ರಶ್ನೆಗಳು ಎದ್ದುಬರುತ್ತವೆ: ನಿರಂತರವಾಗಿ ಬದಲಾಗುತ್ತಲೇ ಬಂದ ಕಟ್ಟಡದಲ್ಲಿ ಮೂಲವೆಂದು ಕರೆಯಬೇಕಾದದ್ದು ಯಾವುದು, ಮತ್ತು ಅದನ್ನು ಮುಂದೆ ನೋಡಿಕೊಳ್ಳುವವರು ಯಾರು. ಈ ಎರಡಕ್ಕೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ.

ಪ್ರಶ್ನೆ ಹುಟ್ಟಿದ ಬಗೆ

ಈ ಪಟ್ಟಣಗಳ ಪ್ರಾಚೀನತೆಯ ಬಗ್ಗೆ ಸಂದೇಹವಿಲ್ಲ. ಆಳುಪರ ರಾಜಧಾನಿಗಳಾಗಿದ್ದ ಮಂಗಳೂರು ಮತ್ತು ಬಾರ್ಕೂರು ವಿಜಯನಗರದ ಕಾಲದಲ್ಲಿ ಎರಡು ರಾಜ್ಯಗಳ, ಅಂದರೆ ಪ್ರಾಂತ್ಯಗಳ, ಕೇಂದ್ರಗಳಾಗಿದ್ದವು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ವರ್ಣಿಸಿದ್ದಾನೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿಗೂ ಉಳ್ಳಾಲಕ್ಕೂ ಬಂದು ಹೋದನು. ಆದರೆ ಆ ಪ್ರವಾಸಿಗಳು ಕಂಡ ಬಂದರುಗಳ ಮನೆಮಾರುಗಳಲ್ಲಿ ಉಳಿದುಬಂದದ್ದು ತೀರ ಕಡಿಮೆ. ನದಿಗಳು ಹೂಳು ತುಂಬಿಕೊಂಡವು, ಯುದ್ಧಗಳಲ್ಲಿ ಊರುಗಳು ಸುಟ್ಟವು, ವ್ಯಾಪಾರ ಬೇರೆಡೆಗೆ ಸರಿಯಿತು.

ಕಟ್ಟಡಗಳನ್ನು ಗಮನಿಸಿ ಬರೆಯುವ ಕೆಲಸ ಆರಂಭವಾದದ್ದು 1799ರಲ್ಲಿ ಕೆನರಾ ಬ್ರಿಟಿಷರ ಕೈಸೇರಿದ ಮೇಲೆ. 1800–01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಳೆ, ಗೇಣಿ, ಜಾತಿಗಳ ಜೊತೆಗೆ ದೇವಾಲಯಗಳನ್ನೂ ಶಾಸನಗಳನ್ನೂ ದಾಖಲಿಸಿದನು. ಮಲಬಾರಿನಲ್ಲಿ ಕಂಡ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನೂ ಅವನೇ. 1876ರಲ್ಲಿ ಭಾರತೀಯ ವಾಸ್ತುವಿನ ಚರಿತ್ರೆಯನ್ನು ಬರೆದ ಜೇಮ್ಸ್ ಫರ್ಗುಸನ್, ಕೆನರಾದ ಇಳಿಜಾರು ಮಾಡಿನ ಬಸದಿಗಳನ್ನು ನೇಪಾಳದ ಮರದ ಕಟ್ಟಡಗಳಿಗೆ ಹೋಲಿಸಿದನು. ಎರಡು ಸೀಮೆಗಳ ನಡುವೆ ಸಂಪರ್ಕವಿತ್ತೆಂದು ಊಹಿಸುವುದಕ್ಕಿಂತ, ಜಡಿಮಳೆಗೆ ಒಡ್ಡಿಕೊಂಡ ನಾಡಿನ ಬಡಗಿ ಕಂಡುಕೊಂಡ ಉತ್ತರವೆಂದು ಇದನ್ನು ವಿವರಿಸುವುದೇ ಹೆಚ್ಚು ಒಪ್ಪುತ್ತದೆ. ಭಟ್ಕಳದಲ್ಲಿ 16ನೆಯ ಶತಮಾನದ ಖೇತಪೈ ನಾರಾಯಣ ದೇವಾಲಯವನ್ನು ಕಂಡವರಿಗೆ ಈ ಮಾತು ಮನದಟ್ಟಾಗುತ್ತದೆ. ಅಲ್ಲಿನ ಇಳಿಜಾರು ಮಾಡನ್ನೂ ಮರದ ಜಾಲರಿಯ ಗೋಡೆಯನ್ನೂ ಶಿಲ್ಪಿಗಳು ಕಲ್ಲಿನಲ್ಲಿ ಅನುಕರಿಸಿದ್ದಾರೆ. ಕಲ್ಲಾದದ್ದರಿಂದ ಅದು ಉಳಿಯಿತು, ಅದಕ್ಕೆ ಮಾದರಿಯಾದ ಮರದ ಕಟ್ಟಡಗಳು ಉಳಿಯಲಿಲ್ಲ.

ಇದೇ 19ನೆಯ ಶತಮಾನದಲ್ಲಿ ಪಟ್ಟಣಗಳ ರೂಪವೂ ಬದಲಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ನದಿಯ ಆವೆಮಣ್ಣನ್ನು ಯಂತ್ರದಲ್ಲಿ ಒತ್ತಿ, ಒಂದಕ್ಕೊಂದು ಕಚ್ಚಿಕೊಳ್ಳುವಂತೆ ತಯಾರಿಸಿದ ಈ ಹಂಚು ಮುಳಿಹುಲ್ಲಿನ ಮಾಡುಗಳನ್ನು ಕ್ರಮೇಣ ಹಿಂದಕ್ಕೆ ತಳ್ಳಿತು. ಇಂದು ಕರಾವಳಿಯ ಪರಂಪರೆಯ ಗುರುತೆಂದು ಎಲ್ಲರೂ ತೋರಿಸುವ ಕೆಂಪು ಹಂಚಿನ ಮಾಡಿಗೆ ಒಂದೂವರೆ ಶತಮಾನದಷ್ಟೇ ವಯಸ್ಸು ಎಂಬುದನ್ನು ಸಂರಕ್ಷಣೆಯ ಚರ್ಚೆಯಲ್ಲಿ ಮರೆಯುವಂತಿಲ್ಲ. ಆಗ ಹೊಸ ತಂತ್ರಜ್ಞಾನವಾಗಿದ್ದದ್ದೇ ಈಗ ಪರಂಪರೆಯಾಗಿದೆ.

ಸ್ಮಾರಕವೆಂಬ ನೋಟ

ಮೊದಲನೆಯ ಪಂಥ ಕಟ್ಟಡವನ್ನು ಗತಕಾಲದ ಸಾಕ್ಷ್ಯವೆಂದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಜಾನ್ ರಸ್ಕಿನ್ ಮತ್ತು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ ವಿಲಿಯಂ ಮಾರಿಸ್ ಅವರ ವಾದ ಇದರ ಬೇರು. ಹಾಳಾದ ಭಾಗವನ್ನು ಹೊಸದಾಗಿ ಕೆತ್ತಿ ಕೂರಿಸಿದರೆ ಅದು ಸುಳ್ಳು ಸಾಕ್ಷ್ಯವಾಗುತ್ತದೆ, ಆದ್ದರಿಂದ ಇರುವುದನ್ನು ಇದ್ದಂತೆಯೇ ಆಧರಿಸಿ ನಿಲ್ಲಿಸಬೇಕು ಎಂಬುದು ಅವರ ನಿಲುವು. ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕ ಕಾಯಿದೆ ಮತ್ತು ಪುರಾತತ್ತ್ವ ಸರ್ವೇಕ್ಷಣ ಇಲಾಖೆಗಾಗಿ ಜಾನ್ ಮಾರ್ಷಲ್ 1923ರಲ್ಲಿ ಬರೆದ ಕೈಪಿಡಿಯ ಮೂಲಕ ಈ ವಿಚಾರ ಭಾರತಕ್ಕೆ ಬಂದಿತು. 1964ರ ವೆನಿಸ್ ಸನ್ನದು ಇದನ್ನು ಅಂತರರಾಷ್ಟ್ರೀಯ ನಿಯಮವಾಗಿಸಿತು. ಸ್ವಾತಂತ್ರ್ಯಾನಂತರದ 1958ರ ಕೇಂದ್ರ ಕಾಯಿದೆ ಮತ್ತು 1961ರ ಕರ್ನಾಟಕ ಕಾಯಿದೆ ಇದೇ ಚೌಕಟ್ಟಿನವು. ಕೇಂದ್ರ ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವುಳ್ಳ ರಚನೆಯನ್ನು ಸ್ಮಾರಕವೆಂದು ಘೋಷಿಸಬಹುದು. 2010ರ ತಿದ್ದುಪಡಿಯ ನಂತರ ಅದರ ಸುತ್ತಣ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ.

ಈ ನೋಟದಿಂದ ಕರಾವಳಿಗೆ ಆದ ಉಪಕಾರ ದೊಡ್ಡದು. ಭಟ್ಕಳದ ದೇವಾಲಯಗಳು, ಬಸದಿ, ಕುಮಟಾ ಬಳಿಯ ಮಿರ್ಜಾನ್ ಕೋಟೆ ಮೊದಲಾದವು ಇಂದು ನಮ್ಮ ಕಣ್ಣೆದುರಿಗಿರುವುದು ಅದರಿಂದಲೇ. ಆದರೂ ಅದರ ಮಿತಿ ಇಲ್ಲಿಯೇ ಹೆಚ್ಚು ಸ್ಪಷ್ಟವಾಗುತ್ತದೆ. ಸ್ಮಾರಕದ ಕಾಯಿದೆಗೆ ಒಗ್ಗುವುದು ಒಂಟಿಯಾಗಿ ನಿಂತ, ಕಲ್ಲಿನ, ಬಳಕೆ ತಗ್ಗಿದ ಕಟ್ಟಡ. ಭಟ್ಕಳದಂಥ ಒತ್ತೊತ್ತಾದ ಪಟ್ಟಣದಲ್ಲಿ ದೇವಾಲಯದ ನೂರು ಮೀಟರಿನೊಳಗೆ ಮನೆ ಮಾಡಿಕೊಂಡಿರುವ ಕುಟುಂಬಕ್ಕೆ ಈ ಕಾಯಿದೆ ಅನುಮತಿಯ ಅಲೆದಾಟವಾಗಿ ಮಾತ್ರ ಎದುರಾಗುತ್ತದೆ. ಆ ಮನೆಯೇ ಹಳೆಯದಾಗಿ, ಉಳಿಸಿಕೊಳ್ಳಲು ಯೋಗ್ಯವಾಗಿದ್ದರೂ ಅದಕ್ಕೆ ಕಾಯಿದೆಯಿಂದ ದಕ್ಕುವುದು ನಿರ್ಬಂಧವೇ ಹೊರತು ನೆರವಲ್ಲ.

ಜೀರ್ಣೋದ್ಧಾರದ ನೋಟ

ಎರಡನೆಯ ಪಂಥ ಈ ನೆಲದ್ದೇ ಆದದ್ದು, ಮತ್ತು ಇಂದು ಕರಾವಳಿಯ ಕಟ್ಟಡಗಳ ಹಣೆಬರಹವನ್ನು ಹೆಚ್ಚಾಗಿ ನಿರ್ಧರಿಸುತ್ತಿರುವುದೂ ಅದೇ. ದೇವಾಲಯ ಇಲ್ಲಿ ಸ್ಮಾರಕವೆನಿಸದೆ ದೇವತೆಯ ಶರೀರವೆನಿಸುತ್ತದೆ. ಶರೀರ ಜೀರ್ಣವಾದಾಗ ಅದನ್ನು ಉದ್ಧರಿಸುವುದು ಪುಣ್ಯಕಾರ್ಯ, ಬಿರುಕು ಬಿಟ್ಟ ಗರ್ಭಗುಡಿಯನ್ನು ಹಾಗೆಯೇ ಉಳಿಸುವುದು ದೋಷ. ಮಯಮತದಂಥ ವಾಸ್ತುಗ್ರಂಥಗಳೂ ಕರಾವಳಿಯ ಅನೇಕ ತಂತ್ರಿಗಳು ಪ್ರಮಾಣವೆಂದು ಹಿಡಿಯುವ ತಂತ್ರಸಮುಚ್ಚಯವೂ ಜೀರ್ಣೋದ್ಧಾರದ ವಿಧಿಯನ್ನು ಪ್ರತ್ಯೇಕವಾಗಿ ನಿರೂಪಿಸಿವೆ. ವಿಧಿಯ ಕ್ರಮ ಊರವರಿಗೆಲ್ಲ ಪರಿಚಿತ. ಅಷ್ಟಮಂಗಲ ಪ್ರಶ್ನೆಯಲ್ಲಿ ದೋಷಗಳನ್ನು ಕಂಡುಕೊಂಡು, ದೇವರ ಸಾನ್ನಿಧ್ಯವನ್ನು ಬಾಲಾಲಯಕ್ಕೆ, ಎಂದರೆ ತಾತ್ಕಾಲಿಕ ಗುಡಿಗೆ, ಸ್ಥಳಾಂತರಿಸಿ, ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿ, ಕೊನೆಗೆ ಬ್ರಹ್ಮಕಲಶೋತ್ಸವದೊಂದಿಗೆ ಪುನಃಪ್ರತಿಷ್ಠೆ ಮಾಡಲಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ ನಡೆಯಬೇಕೆಂಬ ವಾಡಿಕೆಯಿಂದಾಗಿ, ಕಟ್ಟಡವನ್ನು ಒಂದು ತಲೆಮಾರಿಗೆ ಎರಡು ಬಾರಿಯಾದರೂ ಪೂರ್ಣವಾಗಿ ಪರೀಕ್ಷಿಸುವ ವ್ಯವಸ್ಥೆ ತಾನಾಗಿಯೇ ರೂಪುಗೊಂಡಿತು.

ಈ ಪರಂಪರೆಯನ್ನು ಅಜ್ಞಾನವೆಂದು ತಳ್ಳಿಹಾಕಿದ್ದು ವಸಾಹತುಕಾಲದ ಪುರಾತತ್ತ್ವದ ದೊಡ್ಡ ಕುರುಡು. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಮರದಿಂದ ಹಳೆಯ ರೂಪದಲ್ಲಿಯೇ ಕಟ್ಟುತ್ತಾರೆ. ಅಂಥ ಪರಂಪರೆಗಳ ಹಿನ್ನೆಲೆಯಲ್ಲಿ 1994ರ ನಾರಾ ದಾಖಲೆ, ಮೂಲವೆಂಬುದನ್ನು ವಸ್ತುವಿನಿಂದ ಮಾತ್ರ ಅಳೆಯಬಾರದು, ರೂಪ, ಬಳಕೆ, ಕೌಶಲ, ಭಾವಗಳೂ ಅದರ ಅಳತೆಗೋಲುಗಳಾಗಬಹುದು ಎಂದು ಒಪ್ಪಿಕೊಂಡಿತು. ಭಾರತದಲ್ಲಿ 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಹೊರತಂದ ಸನ್ನದು, ಕಾಯಿದೆಯ ರಕ್ಷಣೆಯಿಲ್ಲದ ಕಟ್ಟಡಗಳ ಮಟ್ಟಿಗೆ ಜೀರ್ಣೋದ್ಧಾರ ಪರಂಪರೆಗೂ ದೇಶೀಯ ಕುಶಲಕರ್ಮಿಗಳಿಗೂ ಮನ್ನಣೆ ಕೊಟ್ಟಿತು. 2014ರಲ್ಲಿ ಪುರಾತತ್ತ್ವ ಇಲಾಖೆಯ ರಾಷ್ಟ್ರೀಯ ನೀತಿಯೂ ಪಾರಂಪರಿಕ ಕುಶಲಕರ್ಮಿಗಳ ಪಾತ್ರವನ್ನು ಗುರುತಿಸಿತು.

ಆದರೆ ಸಿದ್ಧಾಂತದಲ್ಲಿ ಸಿಕ್ಕ ಈ ಮನ್ನಣೆಗೂ ಕರಾವಳಿಯಲ್ಲಿ ಇಂದು ಅದೇ ಹೆಸರಿನಲ್ಲಿ ನಡೆಯುತ್ತಿರುವುದಕ್ಕೂ ನಡುವೆ ಕಂದಕವಿದೆ. ಇಸೆಯಲ್ಲಿ ಮರ ಬದಲಾದರೂ ರೂಪ ಬದಲಾಗುವುದಿಲ್ಲ, ಕಟ್ಟುವ ವಿದ್ಯೆ ಕೈಯಿಂದ ಕೈಗೆ ದಾಟುತ್ತದೆ. ಇಲ್ಲಿ ಮುರಕಲ್ಲಿನ ಗೋಡೆಯಿದ್ದ ಜಾಗಕ್ಕೆ ಶಿಲಾಮಯ ಗರ್ಭಗುಡಿ, ಮರದ ಕೆತ್ತನೆಯ ಮುಚ್ಚಿಗೆಯಿದ್ದಲ್ಲಿ ಕಾಂಕ್ರೀಟು ಚಪ್ಪಡಿ, ತಗ್ಗಿದ ಸುತ್ತುಪೌಳಿಯಿದ್ದಲ್ಲಿ ಎತ್ತರದ ಸ್ವಾಗತ ಗೋಪುರ ಬರುತ್ತಿವೆ. ಉಡುಪಿಯ ಅನಂತೇಶ್ವರದಲ್ಲಿ ಕಾಣುವಂಥ ಗಜಪೃಷ್ಠ ವಿನ್ಯಾಸ, ಎಂದರೆ ಆನೆಯ ಹಿಂಭಾಗದಂತೆ ದುಂಡಾದ ಹಿಂಗೋಡೆಯ ಗುಡಿ, ಈ ಸೀಮೆಯ ವಾಸ್ತುವಿನ ವಿಶೇಷ. ಅದನ್ನೂ ಅದರ ಜೊತೆಗಾರ ರೂಪಗಳನ್ನೂ ಊರೂರು ಸುತ್ತಿ ಗುರುತಿಸಿದ ಪಿ. ಗುರುರಾಜ ಭಟ್ಟರು ತುಳುನಾಡಿನ ಇತಿಹಾಸ ಮತ್ತು ಸಂಸ್ಕೃತಿಯ ಬಗ್ಗೆ 1975ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವನ್ನು ಕೈಯಲ್ಲಿ ಹಿಡಿದು ಇಂದು ಅದೇ ಊರುಗಳಿಗೆ ಹೋಗುವ ಓದುಗನಿಗೆ, ಪುಟದಲ್ಲಿರುವುದು ಎದುರಿಗೆ ಸಿಗದೆ ಹೋಗುವ ಸಂಭವ ಹೆಚ್ಚು. ಬಿಚ್ಚುವ ಅವಸರದಲ್ಲಿ ಅಡಿಪಾಯಕ್ಕೂ ಮೆಟ್ಟಿಲಿಗೂ ಸೇರಿಹೋಗುವ ಶಾಸನದ ಕಲ್ಲುಗಳ ನಷ್ಟ ಇದಕ್ಕಿಂತಲೂ ಗಂಭೀರವಾದದ್ದು, ಏಕೆಂದರೆ ಗುಡಿಯನ್ನು ಮತ್ತೆ ಕಟ್ಟಬಹುದು, ಅಳಿದ ಶಾಸನವನ್ನು ಮತ್ತೆ ಬರೆಯಲು ಬರುವುದಿಲ್ಲ.

ಇದು ಒಂದು ಧರ್ಮದ ಮಾತಲ್ಲ. ಕರಾವಳಿಯ ಹಳೆಯ ಮಸೀದಿಗಳು ಗುಮ್ಮಟವಿಲ್ಲದೆ, ಇಳಿಜಾರು ಮಾಡು, ಮರದ ಕಂಬ, ಕೆತ್ತನೆಯ ತೊಲೆಗಳಿಂದ ನೆರೆಯ ಮನೆ, ಗುಡಿಗಳ ಬಳಗಕ್ಕೇ ಸೇರಿದವು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಣ ಮರಗೆಲಸ ಅದಕ್ಕೆ ಉತ್ತಮ ನಿದರ್ಶನ. ಹೊಸದಾಗಿ ಕಟ್ಟುವಾಗ ಆ ರೂಪದ ಬದಲು ಗುಮ್ಮಟ, ಮಿನಾರುಗಳು ಬರುತ್ತವೆ. ಹಳೆಯ ಇಗರ್ಜಿಗಳೂ ದೈವಸ್ಥಾನಗಳೂ ಇದೇ ಹಾದಿಯಲ್ಲಿವೆ. ದೂರದ, ವೈಭವದ ಮಾದರಿಯೊಂದನ್ನು ತರುವ ಆಸೆಯಲ್ಲಿ ಎಲ್ಲ ಸಮುದಾಯಗಳೂ ಹಂಚಿಕೊಂಡಿದ್ದ ಕರಾವಳಿಯ ವಾಸ್ತುಭಾಷೆಯೇ ಅಳಿಯುತ್ತಿದೆ. ವಸ್ತು, ರೂಪ, ಕೌಶಲ ಮೂರೂ ಬದಲಾದ ಮೇಲೆ ಅದನ್ನು ಜೀರ್ಣೋದ್ಧಾರವೆಂದು ಕರೆಯಲು ಆ ಪರಂಪರೆಯಲ್ಲೇ ಆಧಾರ ಸಿಗುವುದು ಕಷ್ಟ. ಆದರೆ ಊರಿನ ದೇವಾಲಯವನ್ನು ಊರವರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕಟ್ಟುವಾಗ ಹೊರಗಿನ ತಜ್ಞರು ಬೇಡವೆನ್ನಲು ಯಾವ ಅಧಿಕಾರವಿದೆ ಎಂಬ ಪ್ರತಿವಾದಕ್ಕೂ ಬಲವಿದೆ.

ಎರಡು ಪಂಥಗಳೂ ಒಪ್ಪಬಹುದಾದ ಒಂದು ತಾಂತ್ರಿಕ ವಿಷಯ ಇಲ್ಲಿ ಹೇಳಲೇಬೇಕಾದದ್ದು. ಮುರಕಲ್ಲು ರಂಧ್ರಮಯ ಕಲ್ಲು. ಅದು ಮಳೆಗಾಲದಲ್ಲಿ ನೀರನ್ನು ಹೀರಿ ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಚಿಪ್ಪು ಸುಟ್ಟು ತಯಾರಿಸಿದ ಸುಣ್ಣದ ಗಾರೆ ಅದರೊಂದಿಗೆ ಉಸಿರಾಡುತ್ತದೆ. ಅದೇ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಒಳಗಿನ ತೇವ ಹೊರಬರಲು ದಾರಿ ಸಿಗದೆ, ಉಪ್ಪಿನ ಹರಳುಗಳು ಕಲ್ಲಿನೊಳಗೇ ಕಟ್ಟಿಕೊಂಡು ಕಲ್ಲು ಪುಡಿಯಾಗತೊಡಗುತ್ತದೆ. ಸದುದ್ದೇಶದಿಂದ ಸಿಮೆಂಟು ಬಳಿದ ಗೋಡೆಗಳು ಹೀಗೆ ಒಳಗೊಳಗೇ ಸವೆದು, ಹಳೆಯ ಕಟ್ಟಡ ಬಾಳುವುದಿಲ್ಲವೆಂಬ ಅಭಿಪ್ರಾಯಕ್ಕೆ ಪುಷ್ಟಿ ಕೊಡುತ್ತವೆ. ಸುಣ್ಣ ಹದಮಾಡಬಲ್ಲ ಕೈಗಳು ಕಡಿಮೆಯಾಗಿರುವುದು ಈ ಇಡೀ ಚರ್ಚೆಯ ಅತ್ಯಂತ ದೊಡ್ಡ ಅಡ್ಡಿ.

ಮನೆ, ಕೇರಿ, ಕಾರ್ಖಾನೆ

ಮೂರನೆಯ ಪಂಥ ಒಂಟಿ ಕಟ್ಟಡದಿಂದ ಇಡೀ ಊರಿನತ್ತ ದೃಷ್ಟಿ ಹೊರಳಿಸುತ್ತದೆ. 2011ರಲ್ಲಿ ಯುನೆಸ್ಕೋ ಅಂಗೀಕರಿಸಿದ ಚಾರಿತ್ರಿಕ ನಗರ ಭೂದೃಶ್ಯದ ಶಿಫಾರಸು ಇದರ ಸ್ಪಷ್ಟ ರೂಪ. ಬೀದಿಯ ಅಗಲ, ಜಗಲಿಗಳ ಸಾಲು, ಬಂದರಿಗಿಳಿಯುವ ದಾರಿ, ಅಲ್ಲಿ ನಡೆಯುವ ವ್ಯಾಪಾರ, ಜಾತ್ರೆಯ ರಥ ಸಾಗುವ ಹಾದಿ ಎಲ್ಲವೂ ಕೂಡಿಯೇ ಪಟ್ಟಣದ ಪರಂಪರೆ ಎಂಬುದು ಇದರ ತಿರುಳು. ಭಾರತದಲ್ಲಿ ಹೈದರಾಬಾದೂ 1995ರಲ್ಲಿ ಮುಂಬಯಿಯೂ ನಗರ ಯೋಜನೆಯ ನಿಯಮಗಳೊಳಗೇ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಜಾಗ ಕಲ್ಪಿಸಿದವು. ಪುದುಚೇರಿಯಲ್ಲಿ ಒಂದೊಂದು ಮನೆಯನ್ನಷ್ಟೇ ಅಲ್ಲದೆ ತಮಿಳು ಕೇರಿಯ ಇಡೀ ಬೀದಿಯೊಂದರ ಮುಖವನ್ನು ಜಗಲಿ ಸಮೇತ ಸರಿಪಡಿಸಿದ ಪ್ರಯತ್ನ ಕರಾವಳಿಗೆ ಹತ್ತಿರದ ಮಾದರಿ.

ಕೆನರಾದಲ್ಲಿ ಈ ನೋಟ ತೀರ ಅಗತ್ಯ, ಏಕೆಂದರೆ ಇಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವುದು ಮನೆ. ಗುತ್ತಿನ ಮನೆ, ಬೀಡು, ಚೌಕಿಮನೆಗಳು ಹಾಳಾದದ್ದಕ್ಕೆ ಕಾರಣ ಹುಡುಕುವವರು ಕಟ್ಟಡದ ಆಚೆಗೆ ನೋಡಬೇಕಾಗುತ್ತದೆ. ತಾಯಿಯ ಕವಲಿನಲ್ಲಿ ಆಸ್ತಿ ಸಾಗುವ ಅಳಿಯಸಂತಾನದ ಕುಟುಂಬಗಳಲ್ಲಿ ವಿಭಾಗಕ್ಕೆ ಹಿಂದೆ ಆಸ್ಪದ ಕಡಿಮೆಯಿದ್ದುದರಿಂದ ದೊಡ್ಡ ಮನೆ ಅವಿಭಕ್ತವಾಗಿ ಉಳಿದಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಪಾಲುಗಾರರು ಹೆಚ್ಚಿದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಅಕ್ಕಿ ಬರುವುದು ನಿಂತಿತು. ನ್ಯಾಯದ ದೃಷ್ಟಿಯಿಂದ ಆ ಸುಧಾರಣೆ ಆಗಲೇಬೇಕಾಗಿದ್ದದ್ದು, ಸಾವಿರಾರು ಗೇಣಿದಾರರಿಗೆ ನೆಲ ಕೊಟ್ಟದ್ದು. ಅದರೊಂದಿಗೆ ದೊಡ್ಡ ಮನೆಗಳ ದುರಸ್ತಿಗೆ ಒದಗುತ್ತಿದ್ದ ದವಸ ಮತ್ತು ದುಡಿಮೆಯ ಮೂಲವೂ ಬತ್ತಿತು. ಆ ಚಾವಡಿಗಳನ್ನು ನಿಲ್ಲಿಸಿದ್ದು ಒಕ್ಕಲುಗಳ ಬೆವರೆಂಬ ಸತ್ಯವನ್ನು ಮರೆಮಾಡಿ ಹಳೆಯ ಮನೆಯ ಸೊಗಸನ್ನು ಮಾತ್ರ ಹೊಗಳುವ ಸಂರಕ್ಷಣೆ ಅರ್ಧ ಚರಿತ್ರೆಯಷ್ಟೇ ಆಗುತ್ತದೆ. ಆಮೇಲಿನ ವಲಸೆ ಉಳಿದದ್ದನ್ನು ಮುಗಿಸಿತು. ಮಕ್ಕಳು ಮುಂಬಯಿ, ಕೊಲ್ಲಿ ದೇಶಗಳಲ್ಲಿ ನೆಲೆಸಿದಾಗ ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸುವವರೇ ಮನೆಯಲ್ಲಿ ಇಲ್ಲವಾದರು.

ಇಂಥ ಮನೆಗಳಿಗೆ ಮೂರು ಬಗೆಯ ಉತ್ತರಗಳು ರೂಪುಗೊಂಡಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ನಾಶದ ಅಂಚಿನಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಜೋಡಿಸಿದರು. ಕುಂಜೂರು ಚೌಕಿಮನೆ, ಮಿಯಾರು ಮನೆಗಳು ಅಲ್ಲಿ ಉಳಿದಿರುವುದು ಆ ಒಬ್ಬ ವ್ಯಕ್ತಿಯ ಛಲದಿಂದ. ವೆನಿಸ್ ಸನ್ನದಿನ ಪ್ರಕಾರ ಕಟ್ಟಡವನ್ನು ಅದರ ನೆಲೆಯಿಂದ ಕೀಳುವುದು ಕೊನೆಯ ಉಪಾಯ, ಏಕೆಂದರೆ ಗದ್ದೆ, ನಾಗಬನ, ಬಾವಿ, ನೆರೆಕರೆಗಳಿಂದ ಬೇರೆಯಾದ ಮನೆ ತನ್ನ ಅರ್ಥದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಆದರೆ ಅವರೆದುರಿಗಿದ್ದ ಇನ್ನೊಂದು ಆಯ್ಕೆ ಮರವನ್ನು ಕಿತ್ತು ಮಾರುವವರ ಕೈಗೆ ಮನೆಯನ್ನು ಬಿಡುವುದಾಗಿತ್ತು. ಎರಡನೆಯ ಉತ್ತರ ಪ್ರತಿಕೃತಿ. ಮಂಗಳೂರಿನ ಪಿಲಿಕುಳದಲ್ಲಿ ಗುತ್ತಿನ ಮನೆಯ ಮಾದರಿಯೊಂದನ್ನು ಹೊಸದಾಗಿ ಕಟ್ಟಲಾಗಿದೆ. ಶಾಲಾಮಕ್ಕಳಿಗೆ ಅದರಿಂದ ಉಪಯೋಗವಿದೆ, ನಿಜವಾದ ಮನೆಗೆ ಅದು ಬದಲಿಯಾಗಲಾರದು. ಮೂರನೆಯದು ಇದ್ದಲ್ಲಿಯೇ ಹೊಸ ಬಳಕೆ. ಮಂಗಳೂರಿನ ಕೊಡಿಯಾಲಗುತ್ತು ಮನೆ ಕಲಾಕೇಂದ್ರವಾಗಿರುವುದು ಇದಕ್ಕೆ ನಿದರ್ಶನ. ನೆಲೆಯನ್ನೂ ಕಟ್ಟಡವನ್ನೂ ಒಟ್ಟಿಗೆ ಉಳಿಸುವ ದಾರಿ ಇದೊಂದೇ ಆದರೂ, ನಗರದ ನಡುವೆ ನೆಲದ ಬೆಲೆ ಏರುತ್ತಿರುವಾಗ ಎಷ್ಟು ಮನೆಗಳು ಹೀಗೆ ಕಲಾಕೇಂದ್ರಗಳಾಗಲು ಸಾಧ್ಯವೆಂಬುದು ಕಠಿಣ ಪ್ರಶ್ನೆ.

ಕಾರ್ಖಾನೆ, ಉಗ್ರಾಣಗಳ ಗತಿ ಇನ್ನೂ ಶೋಚನೀಯ. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಆರಂಭವಾದ ಮೇಲೆ ಹಳೆ ಬಂದರಿನ ಮಹತ್ವ ತಗ್ಗಿತು. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಎತ್ತರದ ಹೊಗೆಗೂಡು, ಹಂಚು ಒಣಗಿಸುವ ಉದ್ದನೆಯ ಅಟ್ಟ, ಸುಡುವ ಗೂಡುಗಳುಳ್ಳ ಈ ಕಟ್ಟಡಗಳನ್ನು ಪರಂಪರೆಯೆಂದು ಕಾಣುವ ಕಣ್ಣು ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದಲ್ಲಿ ಆಂತೋನಿಯೊ ಮೊಸ್ಕೇನಿ 19ನೆಯ ಶತಮಾನದ ಕೊನೆಯಲ್ಲಿ ರಚಿಸಿದ ಚಿತ್ರಗಳು ತಜ್ಞರ ಸಂರಕ್ಷಣೆಯನ್ನು ಪಡೆದವು, ಅದು ಸಂತೋಷದ ಸಂಗತಿ. ಅದೇ ಕಾಲದಲ್ಲಿ ನಗರದ ಸಾವಿರಾರು ಗಂಡಸರೂ ಹೆಂಗಸರೂ ದುಡಿದ ಹಂಚಿನ ಕಾರ್ಖಾನೆಗಳಿಗೆ ಅಂಥ ಆರೈಕೆ ಸಿಗಲಿಲ್ಲ.

ಊರ ಹೊರಗಿರುವ ಊರ ಚರಿತ್ರೆ

ಕಟ್ಟಡ ಅಳಿದರೂ ಚರಿತ್ರೆ ಉಳಿಯುವುದೇ ಎಂಬುದಕ್ಕೆ ಮಂಗಳೂರು ವಿಚಿತ್ರ ಉದಾಹರಣೆ. 12ನೆಯ ಶತಮಾನದಲ್ಲಿ ಇಲ್ಲಿ ನೆಲೆಸಿ ಹಿತ್ತಾಳೆ ಸಾಮಾನು ಮಾಡಿಸುತ್ತಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಸಿಕ್ಕಿದ್ದು ಕೈರೋದ ಸಿನಗಾಗಿನ ಉಗ್ರಾಣದಲ್ಲಿ. ಎಸ್. ಡಿ. ಗೊಯ್ಟೈನ್ ಅವರ ಸಂಶೋಧನೆಯೂ 1992ರಲ್ಲಿ ಬಂದ ಅಮಿತಾವ್ ಘೋಷರ ಕೃತಿಯೂ ಆ ಕಾಲದ ಬಂದರು ಬದುಕನ್ನು ಬೆಳಕಿಗೆ ತಂದವು. ಪೋರ್ಚುಗೀಸರ ಕಾಲದ ಕಡತಗಳು ಗೋವಾ, ಲಿಸ್ಬನ್‌ಗಳಲ್ಲಿವೆ, ಬಾಸೆಲ್ ಮಿಷನ್ನಿನ ಛಾಯಾಚಿತ್ರಗಳ ಅಪಾರ ಸಂಗ್ರಹ ಸ್ವಿಟ್ಜರ್ಲೆಂಡಿನಲ್ಲಿದೆ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿ, ದಕ್ಷಿಣ ಕೆನರಾ 1956ರವರೆಗೂ ಮದ್ರಾಸಿನಲ್ಲಿಯೇ ಉಳಿದುದರಿಂದ ಆಡಳಿತದ ದಾಖಲೆಗಳೂ ಎರಡು ಕಡೆಗೆ ಹಂಚಿಹೋದವು.

ಹೀಗಾಗಿ ಸ್ಥಳೀಯ ಚರಿತ್ರೆಯನ್ನು ಕಟ್ಟುವ ಭಾರ ಊರಿನ ಸಂಗ್ರಾಹಕರ ಮೇಲೆ ಬಿತ್ತು. ಮಂಜೇಶ್ವರದ ಗೋವಿಂದ ಪೈಗಳ ಪರಂಪರೆಯನ್ನು ಮುಂದುವರಿಸಿದ ಉಡುಪಿಯ ಸಂಶೋಧನ ಕೇಂದ್ರ, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ, ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ರೂಪಿಸಿದ ತುಳು ಬದುಕು ವಸ್ತುಸಂಗ್ರಹಾಲಯ ಇಂಥ ನೆಲೆಗಳು. ಹಳೆಯ ಮನೆ ಬಿಚ್ಚುವಾಗ ಅಟ್ಟದಿಂದ ಸಿಗುವ ಓಲೆಗರಿ, ವರ್ಗದ ಪಟ್ಟಿ, ಲೆಕ್ಕದ ಕಡತ ಗುಜರಿಗೆ ಹೋಗದೆ ಇಂಥ ಕಡೆಗೆ ಬಂದರೆ ಮನೆಯ ಅರ್ಧ ಉಳಿದಂತೆ. ಯಾವ ಪಂಥದವರಾದರೂ ಒಪ್ಪಬಹುದಾದ ಕನಿಷ್ಠ ನಿಯಮವೊಂದಿದ್ದರೆ ಅದು, ಬಿಚ್ಚುವ ಮುನ್ನ ಅಳತೆ, ಚಿತ್ರ, ಶಾಸನದ ಪಡಿಯಚ್ಚು, ಮನೆಯವರ ನೆನಪುಗಳನ್ನು ದಾಖಲಿಸಬೇಕೆಂಬುದು. ಇದಕ್ಕೆ ದೊಡ್ಡ ಹಣವೂ ಬೇಡ, ಹೊಸ ಕಾಯಿದೆಯೂ ಬೇಡ. ಆದರೂ ಇದು ವ್ಯವಸ್ಥಿತವಾಗಿ ನಡೆಯುತ್ತಿಲ್ಲವೆಂಬುದು ನೋವಿನ ಸಂಗತಿ.

ಇತ್ಯರ್ಥವಾಗದೆ ಉಳಿದದ್ದು

ಮೂರೂ ಪಂಥಗಳು ತಂತಮ್ಮ ವಲಯದಲ್ಲಿ ಸಮರ್ಥವಾಗಿದ್ದರೂ ಕೆಲವು ಪ್ರಶ್ನೆಗಳು ಅವುಗಳ ನಡುವಿನ ಖಾಲಿ ಜಾಗದಲ್ಲಿ ಬಿದ್ದಿವೆ. ಖಾಸಗಿ ಒಡೆತನದ ಮನೆಯನ್ನು ಉಳಿಸುವ ಖರ್ಚನ್ನು ಯಾರು ಹೊರಬೇಕೆಂಬುದು ಮೊದಲನೆಯದು. ಊರಿಗೆಲ್ಲ ಶೋಭೆ ತರುವ ಮನೆಯ ಮಾಡನ್ನು ಒಬ್ಬ ಒಡೆಯನೇ ರಿಪೇರಿ ಮಾಡಿಸಬೇಕೆನ್ನುವುದು ನ್ಯಾಯವಲ್ಲ, ಸಾರ್ವಜನಿಕ ಹಣ ಕೊಟ್ಟರೆ ಸಾರ್ವಜನಿಕರಿಗೆ ಅದರಲ್ಲಿ ಯಾವ ಹಕ್ಕು ಎಂಬುದು ಸ್ಪಷ್ಟವಿಲ್ಲ.

ಕಾಲನಿರ್ಣಯದ್ದು ಇನ್ನೊಂದು ತೊಡಕು. ಝೀನತ್ ಬಕ್ಷ್ ಮಸೀದಿಯನ್ನು ಸ್ಥಳೀಯ ಪರಂಪರೆ ಏಳನೆಯ ಶತಮಾನಕ್ಕೆ ಒಯ್ಯುತ್ತದೆ, ಬಾರ್ಕೂರಿನಲ್ಲಿ ದಿನಕ್ಕೊಂದರಂತೆ 365 ದೇವಾಲಯಗಳಿದ್ದವೆಂದು ಐತಿಹ್ಯ ಹೇಳುತ್ತದೆ. ಪದೇ ಪದೇ ಕಟ್ಟಲ್ಪಟ್ಟ ರಚನೆಗಳಲ್ಲಿ ನೆಲೆಯ ವಯಸ್ಸು ಬೇರೆ, ಗೋಡೆಯ ವಯಸ್ಸು ಬೇರೆ. ಪ್ರಾಚೀನತೆಯನ್ನೇ ಯೋಗ್ಯತೆಯೆಂದು ಭಾವಿಸುವವರೆಗೆ ಈ ಎರಡನ್ನೂ ಕಲಸುವ ಪ್ರವೃತ್ತಿ ನಿಲ್ಲುವುದಿಲ್ಲ, 1890ರ ಕಾರ್ಖಾನೆಗೋ 1930ರ ಬಂಗಲೆಗೋ ಬೆಲೆ ಸಿಗುವುದೂ ಇಲ್ಲ.

ಸಾಮಗ್ರಿಯ ಪ್ರಶ್ನೆ ಮೂರನೆಯದು. ಮುರಕಲ್ಲಿನ ಕೋರೆಗಳು ಗುಡ್ಡಗಳನ್ನು ಕಡಿಯುತ್ತಿವೆ, ಹೊಳೆಯ ಚಿಪ್ಪಿಗೂ ಮರಳಿಗೂ ಆವೆಮಣ್ಣಿಗೂ ಪರಿಸರದ ನಿರ್ಬಂಧಗಳಿವೆ, ಹಲಸು, ಬೋಗಿಯಂಥ ಹಳೆಯ ಮರಗಳು ದುರ್ಲಭ. ಹಳೆಯ ಕಟ್ಟಡವನ್ನು ಹಳೆಯ ಸಾಮಗ್ರಿಯಿಂದಲೇ ಸರಿಪಡಿಸಬೇಕೆಂಬ ತತ್ತ್ವ ಕರಾವಳಿಯ ನೆಲ, ನೀರಿನ ರಕ್ಷಣೆಯೊಂದಿಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಘರ್ಷಿಸುತ್ತದೆ ಎಂಬುದನ್ನು ಯಾವ ಸನ್ನದೂ ಹೇಳಿಲ್ಲ. ಮಳೆಯ ರೀತಿ ಬದಲಾಗಿ ಕಡಿಮೆ ಅವಧಿಯಲ್ಲಿ ಹೆಚ್ಚು ಸುರಿಯುವಾಗ ಹಳೆಯ ಮಾಡಿನ ಇಳಿಜಾರು, ಹಳೆಯ ತೋಡಿನ ಅಗಲ ಸಾಕೇ ಎಂಬುದೂ ಅಳೆದು ನೋಡಬೇಕಾದ ವಿಷಯ.

ಕೊನೆಯದಾಗಿ, ನಿರ್ಣಯದ ಹಕ್ಕು. ಜೀರ್ಣೋದ್ಧಾರ ಸಮಿತಿ, ನಗರಪಾಲಿಕೆ, ಪುರಾತತ್ತ್ವ ಇಲಾಖೆ, ಮುಜರಾಯಿ ಇಲಾಖೆ, ಪಾಲುಗಾರ ಕುಟುಂಬ ಇವರೆಲ್ಲ ಒಂದೇ ಕಟ್ಟಡದ ಬಗ್ಗೆ ಮಾತನಾಡುವ ಅಧಿಕಾರವುಳ್ಳವರು, ಆದರೆ ಒಂದೇ ಮೇಜಿನ ಸುತ್ತ ಕೂರುವ ಸಂದರ್ಭ ಅವರಿಗೆ ಬರುವುದಿಲ್ಲ. ಅಷ್ಟಮಂಗಲ ಪ್ರಶ್ನೆ ನಡೆಯುವ ಹಂತದಲ್ಲಿಯೇ ಶಾಸನತಜ್ಞರೊಬ್ಬರನ್ನೂ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನೂ ಕರೆಯುವ ಪದ್ಧತಿಯನ್ನು ಸಮಿತಿಗಳು ಒಪ್ಪುವುವೇ, ಒಪ್ಪಿದರೆ ತಂತ್ರಿಗಳ ಮಾತಿಗೂ ಅವರ ಮಾತಿಗೂ ಭಿನ್ನತೆ ಬಂದಾಗ ಯಾರ ಮಾತು ನಡೆಯಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.